ಕೆಂಪು ಔಷಧದ ಕಂಪೌಂಡರ್

ಬಾಟಲಿಯ ಬೂಚು ತೆಗೆದು ಮೂಗಿನ ಹತ್ತಿರ ಹಿಡಿದರೆ ಸಾಕು, ಅದರಲ್ಲಿ ಮೊದಲು ಏನಿತ್ತು ಎಂದು ನಮ್ಮ ಕಂಪೌಂಡರು ಹೇಳಿಬಿಡುತ್ತಿದ್ದರು. ಆಗೆಲ್ಲ ದವಾಖಾನೆಗೆ ಬರುವವರು ಔಷಧಕ್ಕೆ ಬಾಟಲಿಯನ್ನು ತಾವೇ ತರಬೇಕಿತ್ತು. ತಲೆಗೆ ಹಚ್ಚುವ ಎಣ್ಣೆಯದು, ಅತ್ತರಿನದು, ಶಾಯಿಯದು, ಹೀಗೆ ಮನೆಯಲ್ಲಿ ಸಿಕ್ಕಿದ್ದನ್ನು ತೊಳೆದು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ಕಂಪೌಂಡರು ಕಿಟಕಿಯ ಒಳಗೆ ನಿಂತು ಒಂದೊಂದನ್ನೂ ಮೂಸಿ ನೋಡಿ, ಸರಿಯಾಗಿ ತೊಳೆಯದ್ದನ್ನು ಹಿಂದಕ್ಕೆ ಕೊಡುತ್ತಿದ್ದರು. ಒಮ್ಮೆ ದೊಡ್ಡ ರುಮಾಲಿನ ಗೌಡರೊಬ್ಬರು ಒಂದು ಚಪ್ಪಟೆ ಬಾಟಲಿ ಚಾಚಿದರು. ನಮ್ಮ ಕಡೆ ಆಗ ಸರಕಾರ ಸೆರೆ ಕುಡಿಯುವುದನ್ನು ಬಂದ್ ಮಾಡಿತ್ತು.

"ಇದರಾಗ ಮೊದಲ ಏನಿತ್ತರಿ?"

"ಬೇವಿನ ಎಣ್ಣಿ."

ಅವರು ಇನ್ನೊಮ್ಮೆ ಮೂಸಿದರು. "ನಿಮ್ಮ ಹೊಲದಾಗಿನ ಬೇವಿನ ಗಿಡಕ್ಕ ನಶೆ ಏರಿರಬೇಕ್ರಿ ಗೌಡ್ರ."

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಗೌಡರಿಗೂ ನಗು ತಡೆಯಲಿಲ್ಲ.

ನಾನು ಆ ದವಾಖಾನೆಗೆ ಹೊಸದಾಗಿ ಬಂದ ನರ್ಸು, ಎಲ್ಲರ ಬಾಯಲ್ಲಿ 'ಬಾಯಾರು'. ಬಬಲೇಶ್ವರದವಳು, ಮಿರಜಿನಲ್ಲಿ ಕಲಿತು ಬಂದಿದ್ದೆ. ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಕೆಲವು ವ್ಯಾಪಾರಸ್ಥರು ಕೂಡಿ ನಡೆಸುತ್ತಿದ್ದ ಧರ್ಮದ ದವಾಖಾನೆ ಅದು. ಕೆಳಗೆ ಒಂದಿಷ್ಟು ಹಾಸಿಗೆ, ಮೇಲೆ ಡಾಕ್ಟರ ಮನೆ, ಅಂಗಳಕ್ಕೆ ತೆರೆದ ಔಷಧದ ಕಿಟಕಿ. ಈಗ ಅದಿಲ್ಲ, ಆ ಜಾಗದಲ್ಲಿ ಬಟ್ಟೆ ಅಂಗಡಿಗಳಾಗಿವೆ.

ಆ ಕಿಟಕಿಯ ಕಂಪೌಂಡರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರಿಗಿಂತ 'ಕಂಪೌಂಡರ್ ಸಾಹೇಬ್ರು' ಎಂದು ಕರೆಸಿಕೊಳ್ಳುವುದೇ ಅವರಿಗೆ ಹೆಚ್ಚು ಇಷ್ಟವಾಗಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ತುಸು ಓರೆಯಾಗಿ ಇಟ್ಟ ಕರಿ ಟೋಪಿ. ಔಷಧದ ಕಪಾಟಿನ ಬಾಗಿಲ ಒಳಗಡೆ ಒಂದು ಸಣ್ಣ ಕನ್ನಡಿ ತೂಗುಹಾಕಿದ್ದರು. ಟಿಂಕ್ಚರ್ ತೆಗೆಯಲು ಕಪಾಟು ತೆರೆದಾಗಲೆಲ್ಲ ಒಮ್ಮೆ ಅದರಲ್ಲಿ ಮುಖ ನೋಡಿಕೊಳ್ಳದೆ ಮುಚ್ಚುತ್ತಿರಲಿಲ್ಲ. ಓದು ಬಾರದ ಮಂದಿಗೆ ಒಂದು ಹೊತ್ತಿಗೆ ಎಷ್ಟು ಕುಡಿಯಬೇಕೆಂದು ತಿಳಿಯಲಿ ಎಂದು ಬಾಟಲಿಗೆ ಗರಗಸದ ಹಲ್ಲಿನಂತೆ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುವ ರೂಢಿಯಿತ್ತು. ಆ ಪಟ್ಟಿಯನ್ನು ಅವರು ಮಾತಾಡುತ್ತ, ಕೈಯ ಕಡೆ ನೋಡದೆಯೇ ಕತ್ತರಿಸುತ್ತಿದ್ದರು. ಎದುರಿಗಿದ್ದವರು ಅದನ್ನು ಗಮನಿಸದಿದ್ದರೆ ಮಾತ್ರ ಅವರಿಗೆ ಬೇಸರವಾಗುತ್ತಿತ್ತು.

ಎಲ್ಲದರ ಬಗ್ಗೆಯೂ ಅವರಿಗೊಂದು ಪ್ರಶ್ನೆ ಇರುತ್ತಿತ್ತು. ಕಹಿ ಔಷಧ ಕುಡಿದ ಕೂಸು ಮೊದಲು ಕಣ್ಣು ಮುಚ್ಚುತ್ತದೋ, ಬಾಯಿಯೋ? ಗಂಡಸರು ಔಷಧವನ್ನು ಒಂದೇ ಗುಟುಕಿಗೆ ಕುಡಿದರೆ ಹೆಂಗಸರು ಯಾಕೆ ಚೂರುಚೂರೇ ಕುಡಿಯುತ್ತಾರೆ? ಉತ್ತರಕ್ಕಾಗಿ ನನ್ನ ಮುಖ ನೋಡುತ್ತಿದ್ದರು.

ಅವರು ಊರ ಹೊರಗಿನ ಕೇರಿಯಲ್ಲಿ ಹುಟ್ಟಿದವರು. ಹಿಂದಿನ ವರ್ಷವಷ್ಟೇ ಮನೆಮಂದಿಯೆಲ್ಲ ದೀಕ್ಷೆ ತೆಗೆದುಕೊಂಡು ಬೌದ್ಧರಾಗಿದ್ದರು. ಪೇಟೆಯಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಅಂಗಳದ ಮೂಲೆಯಲ್ಲಿ ರೋಗಿಗಳಿಗೆಂದು ಒಂದು ಮಣ್ಣಿನ ಹರವಿಯಲ್ಲಿ ನೀರು ಇಡುತ್ತಿದ್ದೆವು, ಭೂತನಾಳ ಕೆರೆಯಿಂದ ನಳಕ್ಕೆ ಬರುತ್ತಿದ್ದ ನೀರು. ಆ ಹರವಿಯನ್ನು ಅವರು ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಅರ್ಧ ಮಂದಿ ಬಾಯಾರಿಯೇ ಕೂರುತ್ತಿದ್ದರು. ಆದರೆ ಅದೇ ನಳದ ನೀರನ್ನು ಒಳಗೆ ಕುದಿಸಿ, ಸೋಸಿ, ಎಲ್ಲರ ಔಷಧವನ್ನೂ ಅವರೇ ಕಲಸುತ್ತಿದ್ದರು.

"ಬಾಯಾರ, ಒಂದ ಮಜಾ ನೋಡ್ರಿ," ಎಂದು ಒಂದು ದಿನ ನನ್ನನ್ನು ಹತ್ತಿರ ಕರೆದರು. "ಹರವ್ಯಾಗಿನ ನೀರ ನಾ ತುಂಬಿ ಕೊಟ್ರ ಇವ್ರು ಕುಡಿಯಂಗಿಲ್ಲ. ಒಳಗ ಹೋಗಿ ಅದಕ್ಕ ಚೂರ ಬಣ್ಣಾ ಹಾಕಿ ತಂದ್ರ ಕೈಮುಗದ ಕುಡೀತಾರ. ಜಾತಿ ಯಾವ ಬಣ್ಣದಾಗ ಕರಗತೈತಿ ಅಂತ ನೋಡಾಕತ್ತೇನಿ."

ಇದನ್ನು ಹೇಳುವಾಗ ಅವರ ದನಿಯಲ್ಲಿ ಕಹಿ ಇರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿತ್ತು. ನಾನು ಗಾಜಿನ ಲೋಟ ಒರೆಸುತ್ತ ನಿಂತೆ.

ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, ಜೂನಿನಲ್ಲಿ ಮಿರಗದ ಮಳೆ ಬೀಳುವ ಹೊತ್ತಿಗೆ ಆ ಜ್ವರ ಬಂತು. ಹಡಗಿನಲ್ಲಿ ಮದ್ರಾಸಿಗೆ ಬಂದು, ಅಲ್ಲಿಂದ ರೈಲು ಹತ್ತಿತು ಎಂದು ಮಂದಿ ಹೇಳುತ್ತಿದ್ದರು. ಪತ್ರಿಕೆಯವರು ಅದನ್ನು ಫ್ಲೂ ಎಂದು ಬರೆದರು. ಮೊದಲು ಸ್ಟೇಶನ್ನಿನ ಹಮಾಲರು ಮಲಗಿದರು, ಆಮೇಲೆ ಶಾಲೆಗಳು ಮುಚ್ಚಿದವು. ನೋಡನೋಡುತ್ತ ನಮ್ಮ ಕಿಟಕಿಯ ಸಾಲು ಓಣಿ ದಾಟಿ ಗುಡಿಯ ಮುಂದಿನವರೆಗೆ ಬೆಳೆಯಿತು. ಜ್ವರ, ಮೈಕೈ ನೋವು, ಕೆಮ್ಮು. ಬಹಳ ಮಂದಿಗೆ ಕೆಲವು ದಿನಗಳಲ್ಲಿ ತಾನೇ ಬಿಡುತ್ತಿತ್ತು. ಕೆಲವರಿಗೆ ಮಾತ್ರ ಎದೆಗೆ ಇಳಿದು ಏದುಸಿರು, ತೇಕು ಹತ್ತುತ್ತಿತ್ತು. ಅಂಥವರಿಗೆ ಪೆನಿಸಿಲಿನ್ ಸೂಜಿ ಬೇಕಿತ್ತು, ಅದೂ ಬೇಗ.

ಆದರೆ ಹಳಬರ ತಲೆಯಲ್ಲಿದ್ದದ್ದು ಬೇರೆಯೇ ಜ್ವರ. ಅವರ ಹರೆಯದಲ್ಲಿ, ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ, ಇಂಥದ್ದೇ ಒಂದು ಬಂದು ಮನೆಮನೆ ಬರಿದು ಮಾಡಿ ಹೋಗಿತ್ತು. ಅದೇ ತಿರುಗಿ ಬಂದಿದೆ ಎಂದು ಅವರು ತಿಳಿದಿದ್ದರು. ಅವರ ಹೆದರಿಕೆ ಮಕ್ಕಳು ಮೊಮ್ಮಕ್ಕಳಿಗೂ ಹತ್ತಿತು.

ಜ್ವರದ ಔಷಧ ಬೇಗ ಮುಗಿಯಿತು. ಸೊಲ್ಲಾಪುರದಿಂದ ಬರಬೇಕಾದ ಪೆಟ್ಟಿಗೆಗಳು ಬರಲಿಲ್ಲ, ಕಳಿಸಬೇಕಾದ ಅಂಗಡಿಯವರೇ ಹಾಸಿಗೆ ಹಿಡಿದಿದ್ದರು. ನಮ್ಮ ಡಾಕ್ಟರೂ ಮಲಗಿದರು. ಧಾರವಾಡದ ಕಡೆಯ ವಯಸ್ಸಾದ ಮನುಷ್ಯ, ಮೆದು ಮಾತಿನವರು. ನಾನೂ ಕಂಪೌಂಡರೂ ಮೇಲೆ ಹೋಗಿ ಏನು ಮಾಡುವುದೆಂದು ಕೇಳಿದಾಗ ಅವರು ಕಂಬಳಿಯೊಳಗಿಂದಲೇ ಹೇಳಿದರು: "ಇದ್ದದ್ದು ಇದ್ದಂಗ ಹೇಳ್ರಿ. ಔಷಧ ಇಲ್ಲ, ಜ್ವರ ತಾನ ಬಿಡ್ತದ, ಮಲಗಿಸಿ ಅಂಬಲಿ, ಬಿಸಿನೀರು ಕೊಡ್ರಿ ಅನ್ರಿ. ತೇಕೋರು ಇದ್ರ ಮಾತ್ರ ಒಳಗ ತಗೋರಿ. ಪೆನಿಸಿಲಿನ್ ಇನ್ನೂ ಅದ."

ಕಂಪೌಂಡರು ಕಿಟಕಿಗೆ ಹೋಗಿ ಹಾಗೆಯೇ ಹೇಳಿದರು. ಸಾಲಿನಲ್ಲಿ ಒಮ್ಮೆಲೇ ಗದ್ದಲವಾಯಿತು. ಔಷಧ ಇಲ್ಲದ ಮೇಲೆ ಇದು ಯಾತರ ದವಾಖಾನೆ ಎಂದು ಯಾರೋ ಕೂಗಿದರು. ಮುಂದಿದ್ದ ಮುದುಕರೊಬ್ಬರು ಕಿಟಕಿಯ ಸರಳು ಹಿಡಿದುಕೊಂಡು ಬಿಡಲೇ ಇಲ್ಲ. "ಹಿಂದಿನ ಸಲ ಇಂಥಾ ಜ್ವರಾ ಬಂದಾಗ ನಮ್ಮ ಮನ್ಯಾಗ ಹೆಣಾ ಎತ್ತಾಕ ಮಂದಿ ಉಳದಿರಲಿಲ್ರಿ ಯಪ್ಪಾ. ಬರಿಗೈಲೆ ಕಳಸಬ್ಯಾಡ್ರಿ. ಏನರ ಕೊಡ್ರಿ."

ಕಂಪೌಂಡರು ಮುದುಕರ ಕೈಯನ್ನೇ ನೋಡುತ್ತ ನಿಂತರು. ಆಮೇಲೆ ಒಳಗೆ ಬಂದು, ಕುದಿಸಿ ಆರಿಸಿದ ನೀರಿನ ದೊಡ್ಡ ಭರಣಿಯನ್ನು ಎಳೆದುಕೊಂಡರು. ಅದಕ್ಕೆ ಏಲಕ್ಕಿಯ ಕೆಂಪು ಟಿಂಕ್ಚರ್ ಹನಿಸಿದರು, ಪೆಪರ್‌ಮಿಂಟ್ ಹಾಕಿದರು. ನೀರು ದಾಳಿಂಬೆ ರಸದ ಬಣ್ಣಕ್ಕೆ ತಿರುಗಿತು.

"ಇದರಾಗ ಏನೈತ್ರಿ ಸಾಹೇಬ್ರ?" ನಾನು ಕೇಳಿದೆ.

"ನೀರೈತಿ. ಬಣ್ಣೈತಿ. ವಾಸನಿ ಐತಿ."

"ಜ್ವರಕ್ಕ?"

"ಜ್ವರಕ್ಕ ಏನೂ ಇಲ್ಲ. ಅದು ತಾನ ಹೋಗತೈತಿ ಅಂತ ಡಾಕ್ಟರ್ ಸಾಹೇಬ್ರ ಹೇಳ್ಯಾರಲ್ಲ? ಹೋಗೂತನಕ ಮನಷ್ಯಾಗ ಕೈಯಾಗ ಹಿಡಕೊಳ್ಳಾಕ ಏನರ ಬೇಕಲ್ರಿ ಬಾಯಾರ."

ನಾನು ಮೇಲೆ ಹೋಗಿ ಡಾಕ್ಟರಿಗೆ ತಿಳಿಸಿದೆ. ಅವರು "ಮಾಲು ಬರೋತನಕ ನಡೀಲಿ," ಎಂದು ಮಗ್ಗುಲು ಬದಲಿಸಿದರು.

ಮಂದಿ ಕೆಂಪು ನೀರು ಕುಡಿದರು, ಮತ್ತು ಗುಣವಾದರು. ಗುಣವಾಗಲೇಬೇಕಿತ್ತು, ಬಹಳ ಜನರ ಜ್ವರ ತಾನೇ ಬಿಡುವಂಥದ್ದಾಗಿತ್ತು. ಆದರೆ ಹೆಸರು ಬಂದದ್ದು ಬಾಟಲಿಗೆ. ಟಿಕೋಟಾ, ಬಬಲೇಶ್ವರ, ಅದರಾಚೆಯ ಹಳ್ಳಿಗಳಿಂದ ಮಂದಿ ಬಂದು "ಆ ಕೆಂಪಂದ ಕೊಡ್ರಿ" ಎಂದು ಕೇಳತೊಡಗಿದರು. ಕೊನೆಗೂ ಸೊಲ್ಲಾಪುರದಿಂದ ಒಂದಿಷ್ಟು ಗುಳಿಗೆ ಬಂದವು. ಬಿಳಿ ಗುಳಿಗೆಯನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ಕೆಂಪನೆಯದೇ ಬೇಕೆಂದು ಹಟ ಹಿಡಿದವರಿದ್ದರು. ಕಂಪೌಂಡರು ಅಂಥವರಿಗೆ ಕೆಂಪನೆಯದನ್ನೇ ಕೊಟ್ಟರು.

ಗುಣವಾಗಿ ಬಂದವರನ್ನು ಅವರು ಸುಮ್ಮನೆ ಬಿಡುತ್ತಿರಲಿಲ್ಲ. ಬೆವರು ಯಾವಾಗ ಬಂತು, ಮೊದಲು ತಲೆನೋವು ಹೋಯಿತೋ ಜ್ವರವೋ, ಕುಡಿದಾಗ ಹೊಟ್ಟೆಯಲ್ಲಿ ಏನನ್ನಿಸಿತು ಎಂದು ಕೇಳಿಯೇ ಕೇಳುತ್ತಿದ್ದರು. "ಬಾಯಾರ, ಗುಳಗಿ ನುಂಗಿದವ್ರೂ ಅದನ್ನ ಹೇಳ್ತಾರ, ನೀರ ಕುಡದವ್ರೂ ಅದನ್ನ ಹೇಳ್ತಾರ!" ಎಂದು ಬೆರಗಾಗುತ್ತಿದ್ದರು. ಆ ಬೆರಗಿನ ಜೊತೆ ಇನ್ನೊಂದೂ ಸೇರಿತ್ತು. ಪೇಟೆಯಲ್ಲಿ ಹೋದರೆ ಅಂಗಡಿಯವರು ಎದ್ದು ನಿಂತು ಮಾತಾಡಿಸುತ್ತಿದ್ದರು. ಟೋಪಿ ಇನ್ನಷ್ಟು ಓರೆಯಾಯಿತು. ಕನ್ನಡಿಯ ಮುಂದೆ ನಿಲ್ಲುವ ಹೊತ್ತೂ ಹೆಚ್ಚಿತು.

ಒಂದು ಮಧ್ಯಾಹ್ನ ಟಿಕೋಟಾದಿಂದ ಒಬ್ಬ ಕುರಿಗಾರ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಖಾಲಿ ಬಾಟಲಿ. ಅದಕ್ಕೂ ಹಿಂದೆ ಒಮ್ಮೆ ಬಂದು ಔಷಧ ಒಯ್ದಿದ್ದವನೇ.

"ತುಂಬಿಸಿ ಕೊಡ್ರಿ ಸಾಹೇಬ್ರ. ನಮ್ಮ ಮನಿಯಾಕಿಗೆ ಬೇಕು."

"ಹ್ಯಾಂಗದಾಳ ಈಗ?"

"ಮೊನ್ನಿಂದ ತೇಕಾಕತ್ಯಾಳ್ರಿ. ಮಾತಾಡಾಕ ಆಗವಲ್ದು. ಆದ್ರ ಚಿಂತಿಲ್ರಿ, ನಿಮ್ಮ ಕೆಂಪ ಔಷಧಾ ಐತಲ್ಲ. ಅದು ತೀರಿತ್ತು, ಅದಕ್ಕ ಬಂದೇನಿ."

ಕಂಪೌಂಡರ ಕೈಯಲ್ಲಿದ್ದ ಕತ್ತರಿ ನಿಂತಿತು. "ಮೊನ್ನಿಂದ? ಮೊನ್ನೆ ಯಾಕ ಕರಕೊಂಡ ಬರಲಿಲ್ಲೊ ಮಾರಾಯಾ?"

"ಔಷಧಾ ಮನ್ಯಾಗ ಇತ್ತಲ್ರಿ," ಎಂದ ಅವನು, ಇವರಿಗೇಕೆ ತಿಳಿಯುತ್ತಿಲ್ಲ ಎನ್ನುವಂತೆ.

ಅವರು ಸಾಲನ್ನು ಹಾಗೆಯೇ ಬಿಟ್ಟು, ಅವನ ಜೊತೆ ಬಸ್ಸು ಹತ್ತಿದರು. ಹೆಂಡತಿಯನ್ನು ಕರೆತಂದುಬಿಡುವುದು ಅವರ ಲೆಕ್ಕ. ಸಂಜೆ ಒಬ್ಬರೇ ಮರಳಿದರು. ಗಂಡ ಔಷಧಕ್ಕೆಂದು ವಿಜಾಪುರದ ಹಾದಿಯಲ್ಲಿದ್ದಾಗಲೇ ಆ ಹೆಣ್ಣುಮಗಳು ತೀರಿಹೋಗಿದ್ದಳು.

ಅವರು ಬೆಂಚಿನ ಮೇಲೆ ಕೂತರು. ನಾನು ಚಹಾ ತಂದಿಟ್ಟೆ.

"ಅಂವಾ ಬೈಲಿಲ್ರಿ ಬಾಯಾರ," ಎಂದರು. "ಬೈದಿದ್ರ ಚೊಲೊ ಇತ್ತು. ಮಕ್ಕಳಿಗೂ ಮೈ ಬಿಸಿ ಐತಿ, ಬಾಟ್ಲಿ ತುಂಬಿಸಿಕೊಂಡ ಬರಬೇಕಾಗಿತ್ತು ಅಂತ ಅಂದ. ನನ್ನ ಕೈ ಹಿಡಕೊಂಡ ಅಂದ."

ಮರುದಿನ ಮುಂಜಾನೆ ನಾನು ಹೋದಾಗ ಅವರು ಕೆಂಪು ನೀರಿನ ಭರಣಿಯನ್ನು ಅಂಗಳದ ಗಟಾರಕ್ಕೆ ಬಗ್ಗಿಸುತ್ತಿದ್ದರು. ಡಾಕ್ಟರು ಅಷ್ಟರಲ್ಲಿ ಎದ್ದು ಓಡಾಡುವಂತಾಗಿದ್ದರು. ಹಳ್ಳಿಗಳಿಗೆ ಹೋಗಿ ಬಾಟಲಿಗಳನ್ನು ಹಿಂದಕ್ಕೆ ತರುತ್ತೇನೆ, ತೇಕುತ್ತಿರುವವರನ್ನು ಹುಡುಕುತ್ತೇನೆ ಎಂದು ಕಂಪೌಂಡರು ಅವರಿಗೆ ಹೇಳಿದರು.

"ಹೋಗ್ರಿ. ಹೆಣ್ಣುಮಕ್ಕಳನ್ನ ನೋಡ್ಲಿಕ್ಕೆ ಈಕೀನೂ ಬರ್ಲಿ," ಎಂದು ಡಾಕ್ಟರು ನನ್ನ ಕಡೆ ತೋರಿಸಿದರು. ಆಮೇಲೆ ದನಿ ತಗ್ಗಿಸಿದರು. "ಆದ್ರ ನೀರು ಅಂತ ಮಾತ್ರ ಹೇಳಬ್ಯಾಡ್ರಿ. ಔಷಧ ಬದಲಾಗ್ಯದ ಅಂದ್ರ ಸಾಕು. ನೀರು ಅಂದ್ರ ಅವ್ರು ಏನ ತಿಳ್ಕೋತಾರ, ನಿಮಗ ಗೊತ್ತದಲ್ಲ?"

"ಗೊತ್ತೈತ್ರಿ."

"ಮತ್ತ?"

"ಔಷಧಾ ಬದಲಾಗೇತಿ ಅಂದ್ರ ಹೊಸಾದು ಬರೂತನಕ ಇದ್ದದ್ದನ್ನ ಕುಡಸ್ತಾರ್ರಿ ಸಾಹೇಬ್ರ. ಏನೂ ಇಲ್ಲ ಅಂದ್ರನ ಬಂಡಿ ಹೂಡ್ತಾರ."

ಡಾಕ್ಟರು ಕಿಸೆಯಿಂದ ಬಸ್ಸಿನ ರೊಕ್ಕ ತೆಗೆದು ಕೊಟ್ಟರು.

ಬಸ್ಸು ಟಿಕೋಟಾಕ್ಕೆ ಮುಟ್ಟಿದ ಕೂಡಲೆ ಕಂಪೌಂಡರು ಮೊದಲು ಕುರಿಗಾರನ ಮನೆಗೇ ನಡೆದರು. ಅವನು ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ನಾನು ಒಳಗೆ ಹೋಗಿ ಮಕ್ಕಳನ್ನು ನೋಡಿದೆ. ಇಬ್ಬರಿಗೂ ಜ್ವರವಿತ್ತು, ಆದರೆ ಉಸಿರು ಸರಾಗವಾಗಿತ್ತು. ಹೊರಗೆ ಬಂದಾಗ ಕಂಪೌಂಡರು ಟೋಪಿ ಕೈಯಲ್ಲಿ ಹಿಡಿದುಕೊಂಡು ಅವನ ಮುಂದೆ ನಿಂತಿದ್ದರು. ಹೇಳಬೇಕಾದ್ದನ್ನು ಆಗಲೇ ಹೇಳಿ ಮುಗಿಸಿದ್ದರು.

"ಬರೇ ನೀರಾ?" ಅವನು ಕೇಳಿದ.

"ಬರೇ ನೀರು."

"ತೇಕಾಕ ಹತ್ತಿದ ದಿನಾನ ನಾ ಆಕಿನ್ನ ಕರಕೊಂಡ ಬಂದಿದ್ರ?"

"ಬದಕತಿದ್ಲೋ ಏನೋ. ಖಾತ್ರಿ ಹೇಳಾಕ ಆಗಂಗಿಲ್ಲ. ಆದ್ರ ಸೂಜಿ ಇತ್ತು."

ಅವನು ಕಂಬಳಿಯ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತ. ಹೊಡೆಯಬಹುದು ಎಂದು ನನಗನಿಸಿತು. ಕಂಪೌಂಡರಿಗೂ ಹಾಗೇ ಅನಿಸಿರಬೇಕು, ಆದರೆ ಅವರು ಹಿಂದೆ ಸರಿಯಲಿಲ್ಲ. ಕೊನೆಗೆ ಅವನು ಎದ್ದು ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡ.

"ಕಳ್ಳಕವಟಗ್ಯಾಗ ನನ್ನ ತಂಗಿ ಅದಾಳ. ಆಕಿಗೂ ಜ್ವರಾ ಬಂದಾವಂತ ಅರ್ಧಾ ಔಷಧಾ ನಾನ ಒಯ್ದ ಕೊಟ್ಟೇನಿ. ಮೊದಲ ಅಲ್ಲಿ ನಡೀರಿ."

ಹೆಂಡತಿ ಸತ್ತ ಮರುದಿನ ಗಂಡ ಊರು ಬಿಡಬಾರದೆಂದು ನೆರೆಮನೆಯವರು ತಡೆದರು. ಮಕ್ಕಳನ್ನು ಅವರ ಕೈಗೆ ಒಪ್ಪಿಸಿ ಅವನು ನಮ್ಮ ಮುಂದೆ ನಡೆದ.

ಕಳ್ಳಕವಟಗಿಯ ಊರಬಾಗಿಲಾದ ಅಗಸಿಯ ಹತ್ತಿರ, ಊರೊಳಗೆ ಕಾಲಿಡದೆ, ಕಂಪೌಂಡರು ನಿಂತರು. ದವಾಖಾನೆಯ ಸಾಹೇಬರು ಬಂದಿದ್ದಾರೆಂದು ತಿಳಿದು ಮಂದಿ ಕೂಡಿದರು. ಕೆಲವರು ಕೈಮುಗಿದರು. ಒಬ್ಬಾತ ಖಾಲಿ ಬಾಟಲಿ ಹಿಡಿದುಕೊಂಡೇ ಓಡಿ ಬಂದ. ಕಂಪೌಂಡರು ದನಿಯೆತ್ತಿ, ನಿಂತುನಿಂತು ಹೇಳಿದರು:

"ನಾ ಕೊಟ್ಟ ಕೆಂಪ ಔಷಧದಾಗ ಔಷಧಾ ಇಲ್ರಿ. ಅದು ಬರೇ ಬಣ್ಣದ ನೀರು. ಆರಾಮಾದವ್ರು ತಾವ ಆರಾಮ ಆಗ್ಯಾರ. ಯಾರರ ತೇಕಾಕತ್ತಿದ್ರ ಅದನ್ನ ನಂಬಿ ಕುಂದರಬ್ಯಾಡ್ರಿ, ಇವತ್ತ ದವಾಖಾನಿಗೆ ಕರಕೊಂಡ ಬರ್ರಿ. ಬಾಟ್ಲಿ ನನಗ ತಿರಗಿ ಕೊಡ್ರಿ."

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹಿಂದೆ ನಿಂತಿದ್ದ ಒಬ್ಬ ಹರೆಯದವನು ಮಂದಿಯನ್ನು ಸರಿಸುತ್ತ ಮುಂದೆ ಬಂದ.

"ಬರೇ ನೀರಂದ್ರ? ನಿನ್ನ ಕೈಯಾಗಿನ ನೀರ ನಮಗೆಲ್ಲಾ ಕುಡಿಸಿದಿ ಅಂದಂಗಾತಲ್ಲಲೇ?"

ಅಲ್ಲಿಯವರೆಗೆ ಸಾಹೇಬರಾಗಿದ್ದವರು ಒಂದೇ ಮಾತಿನಲ್ಲಿ 'ಲೇ' ಆಗಿಹೋಗಿದ್ದರು. ಮಂದಿ ಒತ್ತಿಕೊಂಡು ಬಂತು. ಕಂಪೌಂಡರ ಮುಖದಲ್ಲಿ ರಕ್ತವಿರಲಿಲ್ಲ, ದನಿ ಮಾತ್ರ ಸರಿಯಾಗಿತ್ತು.

"ಹೌದ್ರಿ, ಕುಡದೀರಿ. ಕುಡದು ಆರಾಮನೂ ಆಗೀರಿ. ಸಿಟ್ಟ ಆಮ್ಯಾಲ ಮಾಡ್ರಿ, ನಾ ಎಲ್ಲಿಗೂ ಓಡಿ ಹೋಗಂಗಿಲ್ಲ. ಮೊದಲ ಯಾರ ತೇಕಾಕತ್ಯಾರ ಹೇಳ್ರಿ."

ಆ ಹರೆಯದವನು ಕೈಯೆತ್ತಿದ. ಕುರಿಗಾರ ನಡುವೆ ಬಂದು ನಿಂತ. "ನಿನ್ನಿ ನನ್ನ ಹೇಣತಿ ಸತ್ತಾಳ," ಎಂದ. "ಜಗಳಾ ಮಾಡೂದಿದ್ರ ನಾ ಮಾಡಬೇಕು. ನನ್ನ ತಂಗಿ ಹ್ಯಾಂಗದಾಳ, ಯಾರರ ಹೇಳ್ರಿ."

ಗುಂಪಿನ ಆಚೆಯಿಂದ ಅವನ ತಂಗಿಯ ಅತ್ತೆ ಕೂಗಿದಳು. "ಬಾರೋ ಯಪ್ಪಾ. ನೀನೂ ಬಾ ಬೇ ನರ್ಸವ್ವಾ. ಸೊಸಿ ಎದ್ದಿಲ್ಲ."

ನಾನು ಆ ಮುದುಕಿಯ ಹಿಂದೆ ಓಡಿದೆ. ಒಳಗೆ ಎಳೆವಯಸ್ಸಿನ ಸೊಸೆ ಗೋಡೆಗೆ ಒರಗಿ ಕೂತಿದ್ದಳು, ಮಲಗಿದರೆ ಉಸಿರು ಆಡುತ್ತಿರಲಿಲ್ಲ. ಮೂಗಿನ ಹೊಳ್ಳೆಗಳು ಅರಳಿ ಅರಳಿ ಮುಚ್ಚುತ್ತಿದ್ದವು. ತುಟಿ ಕಪ್ಪಿಟ್ಟಿತ್ತು. ಈಗಲೇ ಒಯ್ಯಬೇಕು ಎಂದೆ.

"ಯಾಕ ಯವ್ವಾ? ಎರಡೂ ಹೊತ್ತ ಕುಡಸಾಕತ್ತೇನಿ. ಇವತ್ತ ನಾಳಿ ಬಿಡತೈತಿ," ಎಂದು ಮುದುಕಿ ದೇವರ ಜಗಲಿಯತ್ತ ತೋರಿಸಿದಳು. ದೇವರ ಪಕ್ಕದಲ್ಲೇ ಕೆಂಪು ಔಷಧದ ಬಾಟಲಿ ನಿಂತಿತ್ತು. ಅದಕ್ಕೆ ಕುಂಕುಮ ಹಚ್ಚಿದ್ದರು.

ಅಗಸಿಯಲ್ಲಿ ಕೇಳಿದ್ದನ್ನು ಅವಳು ನಂಬಿರಲಿಲ್ಲ. ನನ್ನ ಮಾತನ್ನೂ ನಂಬಲಿಲ್ಲ. ಬಾಟಲಿ ಎತ್ತಿಕೊಂಡು ಹೊರಬಾಗಿಲಿಗೆ ಬಂದಳು. ಕಂಪೌಂಡರು ಅಷ್ಟರಲ್ಲಿ ನಮ್ಮ ಹಿಂದೆಯೇ ಬಂದು, ಅಂಗಳದ ಆಚೆ, ಬೀದಿಯಲ್ಲೇ ನಿಂತಿದ್ದರು.

"ನನ್ನ ಮಾರಿ ನೋಡಿ ಹೇಳಪಾ. ಇದರಾಗ ಏನೂ ಇಲ್ಲಾ?"

"ಏನೂ ಇಲ್ಲ ಯವ್ವಾ."

"ಇಷ್ಟ ದಿನಾ ನಾ ಕುಡಿಸಿದ್ದು?"

"ನೀರು. ತಪ್ಪ ನಂದು. ಆಕಿನ್ನ ಕಳಸು."

ಅವಳು ಇವರನ್ನೇ ದಿಟ್ಟಿಸಿದಳು. ಆಮೇಲೆ ಬಾಟಲಿಯನ್ನು ಹೊಸ್ತಿಲ ಬದಿಗೆ ಕುಕ್ಕಿ, ಮಗನನ್ನು ಕೂಗಿದಳು. "ಬಂಡಿ ಹೂಡೋ!"

ಬಂಡಿಯಲ್ಲಿ ಸೊಸೆ, ಮುದುಕಿ ಮತ್ತು ನಾನು ಕೂತೆವು. ತಂಗಿಯ ಬೆನ್ನಿಗೆ ಆಸರೆಯಾಗಿ ಕುರಿಗಾರನೂ ಕೂತ. ನೀವೂ ಬಂಡಿ ಹತ್ತಿ ಎಂದು ನಾನು ಕಂಪೌಂಡರನ್ನು ಕರೆದೆ. "ನಡದ ಬರತೇನಿ," ಎಂದು ಅವರು ಬಂಡಿಯ ಹಿಂದೆ ಟಿಕೋಟಾದವರೆಗೂ ನಡೆದೇ ಬಂದರು; ಅಲ್ಲಿಂದ ವಿಜಾಪುರಕ್ಕೆ ಬಸ್ಸು ಹಿಡಿದೆವು. ಅವರ ಚೀಲದಲ್ಲಿ ಕೆಲವು ಬಾಟಲಿಗಳಿದ್ದವು. ಕೊಡುವುದಿಲ್ಲ, ನಮಗೆ ಗುಣ ಬಂದಿದೆ ಎಂದವರೂ ಇದ್ದರು. ಮುಂದೆ ಬಂದಿದ್ದ ಆ ಹರೆಯದವನು ತನ್ನ ಮನೆಯ ಬಾಟಲಿಯನ್ನು ತಂದು ಇವರ ಕಣ್ಣೆದುರಿಗೇ ಅಗಸಿಯ ಕಲ್ಲಿಗೆ ಒಗೆದಿದ್ದ.

ಆ ಹುಡುಗಿ ಬದುಕಿದಳು. ಸೂಜಿಯ ಮೇಲೆ ಸೂಜಿ ಕೊಟ್ಟೆವು. ಒಂದು ಮುಂಜಾನೆ ಅವಳು ಎದ್ದು ಕೂತು, ಊರಲ್ಲಿ ಬಿಟ್ಟುಬಂದ ಎಮ್ಮೆಯನ್ನು ಯಾರು ಹಿಂಡುತ್ತಾರೆಂದು ಅತ್ತೆಯ ಜೊತೆ ಜಗಳ ತೆಗೆದಾಗ ಡಾಕ್ಟರು ನಕ್ಕು ಮುಂದಿನ ಹಾಸಿಗೆಗೆ ಹೋದರು. ಆ ವಾರ ಟಿಕೋಟಾದ ಸುತ್ತಲಿನಿಂದ ಇನ್ನೂ ಕೆಲವರನ್ನು ಬಂಡಿಯಲ್ಲಿ ತಂದರು. ಎಲ್ಲರೂ ಉಳಿಯಲಿಲ್ಲ.

ಸುದ್ದಿ ಪೇಟೆಗೆ ಮುಟ್ಟಲು ತಡವಾಗಲಿಲ್ಲ. ದವಾಖಾನೆ ನಡೆಸುವ ಹಿರಿಯರು ಕೂಡಿ ಕೂತರು. ಸುಳ್ಳು ಔಷಧ ಕೊಟ್ಟದ್ದು ಅವರಿಗೆ ದೊಡ್ಡ ಮಾತಾಗಿರಲಿಲ್ಲ, ಅದನ್ನು ಬಾಯಿಬಿಟ್ಟು ನೀರೆಂದು ಹೇಳಿದ್ದು ದೊಡ್ಡದಾಗಿತ್ತು. ಇನ್ನು ಮುಂದೆ ಕಂಪೌಂಡರು ಒಳಗೆ ಕೂತು ಔಷಧ ಕಲಸಬೇಕು, ಕಿಟಕಿಯಲ್ಲಿ ಬೇರೆಯವರು ಕೊಡಬೇಕು ಎಂದು ಠರಾವಾಯಿತು. ಡಾಕ್ಟರು ಅವರ ಪರವಾಗಿ ಬಹಳ ವಾದಿಸಿದರು, ನಡೆಯಲಿಲ್ಲ.

ಅವರು ಕೆಲವು ತಿಂಗಳು ಒಳಗೆ ಕೂತರು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಅವರ ಮಾತೇ ಕಡಿಮೆಯಾಯಿತು. ಕೇಳಲು ಮಂದಿ ಇರಲಿಲ್ಲವಲ್ಲ. ಒಂದು ದಿನ ಬಂದು, ಬಬಲೇಶ್ವರದ ಸರಕಾರಿ ದವಾಖಾನೆಯಲ್ಲಿ ಕೆಲಸ ಸಿಕ್ಕಿದೆ ಎಂದರು.

"ನಮ್ಮೂರಾಗ? ಅಲ್ಲೇನೈತ್ರಿ ಸಾಹೇಬ್ರ?"

"ಕಿಟಕಿ ಐತಿ," ಎಂದರು. ಬಹಳ ದಿನಗಳ ಮೇಲೆ ನಕ್ಕಿದ್ದರು.

ಆ ಕೆಂಪು ನೀರು ಸರಿಯೋ ತಪ್ಪೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಊರಿಗೆ ಹೋದಾಗಲೆಲ್ಲ ಅವರನ್ನು ಕಾಣುತ್ತಿದ್ದೆ, ಒಮ್ಮೆ ಕೇಳಿಯೂ ಬಿಟ್ಟೆ. ಅವರಿಗೂ ಅದು ಬಗೆಹರಿದಿರಲಿಲ್ಲ. "ಅದನ್ನ ಹಿಡಕೊಂಡ ಧೈರ್ಯ ಮಾಡಿ ಎದ್ದವ್ರು ಇದ್ರು ಬಾಯಾರ, ಇಲ್ಲಂತ ನಾ ಅನ್ನಂಗಿಲ್ಲ," ಎಂದರು. ಮತ್ತೆ ತಾವೇ, "ಆದ್ರ ಆ ಧೈರ್ಯಾನ ಟಿಕೋಟಾದಾಕಿನ್ನ ಮನ್ಯಾಗ ಕುಂದರಿಸಿತು," ಎಂದರು.

ಬಬಲೇಶ್ವರದಲ್ಲಿ ಅವರಿಗೊಂದು ಹೊಸ ಚಟ ಹತ್ತಿತ್ತು. ಯಾರಿಗೇ ಔಷಧ ಕೊಟ್ಟರೂ ಅದರಲ್ಲಿ ಏನೇನಿದೆ, ಯಾವುದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಹೇಳದೆ ಬಾಟಲಿ ಬಿಡುತ್ತಿರಲಿಲ್ಲ. ಸಾಲಿನಲ್ಲಿದ್ದವರಿಗೆ ಸಾಕುಸಾಕಾಗುತ್ತಿತ್ತು. "ಈ ಮನಷ್ಯಾಂದು ಔಷಧಕ್ಕಿಂತ ಮಾತ ಬಾಳ," ಎಂದು ನನ್ನ ಅವ್ವನೇ ಗೊಣಗುತ್ತಿದ್ದಳು. ಆದರೆ ಅಕ್ಷರ ಬಾರದ ನನ್ನ ಅವ್ವ ತನ್ನ ಕೆಮ್ಮಿನ ಔಷಧವನ್ನು ಮನೆಗೆ ಬಂದವರಿಗೆ ತೋರಿಸಿ, "ಇದರಾಗ ಜೇಷ್ಠಮದು ಐತಿ, ನವಸಾಗರ ಐತಿ, ಉಳದದ್ದೆಲ್ಲಾ ನೀರು. ಕಫಾ ಇಳಸತೈತಿ, ಜ್ವರಕ್ಕ ಬರಂಗಿಲ್ಲ," ಎಂದು ಹೇಳುವುದನ್ನು ನಾನೇ ಕೇಳಿದ್ದೇನೆ. ಅವರ ಮನೆಯ ನೀರನ್ನು ಅವ್ವ ಕುಡಿಯುತ್ತಿರಲಿಲ್ಲ. ಅದು ಕೊನೆಯವರೆಗೂ ಹಾಗೇ ಇತ್ತು. ಅವರಿಗೂ ಅದು ಗೊತ್ತಿತ್ತು.

ಅರವತ್ತರ ದಶಕದ ಕೊನೆಗೆ ಇನ್ನೊಂದು ಫ್ಲೂ ಬಂತು. ಆಗ ಅವರು ಕಿಟಕಿ ಬಿಟ್ಟು ಹೊರಗೆ ಬಂದು, ಮಂದಿಯ ನಡುವೆ ಕೂತು, ಎದೆಗೆ ಜ್ವರ ಇಳಿದವರು ಹೇಗೆ ತೇಕುತ್ತಾರೆಂದು ನಟಿಸಿ ತೋರಿಸುತ್ತಿದ್ದರು. ಮೂಗು ಅರಳಿಸಿ, ಪಕ್ಕೆ ಒಳಗೆಳೆದು, ಭುಜ ಕುಣಿಸಿ. "ಹಿಂಗ ಕಂಡ್ರ ಬಾಟ್ಲಿ ಹುಡಕಬ್ಯಾಡ್ರಿ, ಬಂಡಿ ಹುಡಕ್ರಿ." ನೋಡಿದವರು ಬಿದ್ದುಬಿದ್ದು ನಗುತ್ತಿದ್ದರು. ಹುಡುಗರು ಓಣಿಯಲ್ಲಿ ಅದನ್ನೇ ಆಟ ಮಾಡಿಕೊಂಡಿದ್ದರು. ನಗುತ್ತಲೇ ಕಲಿತಿದ್ದರು. ಆ ಸಲ ಬಬಲೇಶ್ವರದಿಂದ ವಿಜಾಪುರಕ್ಕೆ ಬಂಡಿಗಳು ತಡಮಾಡದೆ ಬಂದವು.

ಆ ಫ್ಲೂ ಇಳಿದ ಮೇಲೆ, ನಿವೃತ್ತಿಗೆ ಇನ್ನೂ ಕಾಲವಿರುವಾಗಲೇ, ಅವರು ಎದೆಬೇನೆಯಿಂದ ತೀರಿಕೊಂಡರು. ನನಗೆ ಸುದ್ದಿ ತಿಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಮುಂದಿನ ತಿಂಗಳು ಅವ್ವನನ್ನು ಕರೆದುಕೊಂಡು ಬಬಲೇಶ್ವರದ ಆ ದವಾಖಾನೆಗೆ ಹೋದೆ. ಕಿಟಕಿಯಲ್ಲಿ ಹೊಸ ಕಂಪೌಂಡರು ಇದ್ದರು. ಚುರುಕು ಮನುಷ್ಯ, ಸಾಲು ಬೇಗಬೇಗ ಸಾಗುತ್ತಿತ್ತು. ಅವ್ವನ ಬಾಟಲಿ ತುಂಬಿಸಿ, ಬೂಚು ಹಾಕಿ ಕೊಟ್ಟರು. ಅವ್ವ ಅದನ್ನು ತೆಗೆದುಕೊಂಡು ಅಲ್ಲೇ ನಿಂತಳು.

"ಆತಲ್ಲಬೇ, ಮುಂದ ನಡಿ. ಇನ್ನೇನ ಬೇಕು?"

"ಇದರಾಗ ಏನೈತಿ ಹೇಳಪಾ," ಎಂದಳು ಅವ್ವ.

ಹೊಸ ಕಂಪೌಂಡರು ನಕ್ಕರು. ಅವ್ವ ನಗಲಿಲ್ಲ. ಅವಳ ಹಿಂದೆ ಇದ್ದವರು ಮುಂದೆ ಸರಿಯಿರೆಂದು ಗದರಿಸುತ್ತಾರೆ ಎಂದುಕೊಂಡು ನಾನು ಅವ್ವನ ತೋಳು ಹಿಡಿದೆ. ಆದರೆ ಅವರೆಲ್ಲ ಸಾಲು ಬಿಟ್ಟು ಕಿಟಕಿಯ ಹತ್ತಿರಕ್ಕೆ ಬಂದು ನಿಂತರು, ಹೊಸ ಕಂಪೌಂಡರೇನು ಹೇಳುತ್ತಾರೆಂದು ಕೇಳಲಿಕ್ಕೆ.